ಮಾವ ಹಗ್ಗ ಹಿಡಿದ ವರ್ಷ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಯಾರೂ ಹೊಟ್ಟೆ ತುಂಬ ಉಣ್ಣುತ್ತಿರಲಿಲ್ಲ. ಹೊಸಕೋಟೆಯ ದೊಡ್ಡ ಕೆರೆಯ ಆಚೆಗೆ, ಕೆಮ್ಮಣ್ಣಿನ ದಿನ್ನೆಯ ಮೇಲೆ ನಮ್ಮ ಊರು. ಬೇರೆಯವರ ಮನೆಗಳಲ್ಲಿ ಅದು ರಾಗಿ ತೆನೆ ಬಲಿಯುವ, ಅವರೆ ಹೂ ಬಿಡುವ ಸಂತೋಷದ ಕಾಲ. ನಮ್ಮಮ್ಮ ಮಾತ್ರ ಬೆಳಗ್ಗೆ ಎದ್ದವಳೇ ಹಿತ್ತಿಲಿಗೆ ಹೋಗಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಬಾಳೆ ಎಲೆಗಳನ್ನು ನೋಡುತ್ತ ನಿಲ್ಲುತ್ತಿದ್ದಳು. ಮೂಡಲ ಗಾಳಿ ತಣ್ಣಗೆ ಬೀಸತೊಡಗಿತೆಂದರೆ ಅಪ್ಪ ಹೊರಡುವ ದಿನ ಬಂತೆಂದೇ ಅರ್ಥ. ಅಪ್ಪ ಹೋಗುತ್ತಿದ್ದದ್ದು ಸಮುದ್ರಕ್ಕೆ. ದೋಣಿಯಲ್ಲಿ ಕೂತು ಬಲೆ ಬೀಸುವುದಕ್ಕಲ್ಲ, ನೀರಿನ ತಳಕ್ಕೇ ಇಳಿಯುವುದಕ್ಕೆ. ರಾಮೇಶ್ವರಕ್ಕೆ ಹೋಗುವ ಹಾದಿಯ ಒಂದು ಕಡಲೂರು ಅವನದು. ಉಸಿರು ಕಟ್ಟಿ ಮುಳುಗಿ ಶಂಖ ಆರಿಸಿ ತರುವುದು, ಮುತ್ತಿನ ಚಿಪ್ಪು ಬೆಳೆದ ವರ್ಷ ಚಿಪ್ಪು ಕಿತ್ತು ತರುವುದು ಅವರ ಮನೆತನದ ಕಸುಬು. ಮುತ್ತು ಎಲ್ಲ ವರ್ಷವೂ ಸಿಗುವುದಿಲ್ಲ. ಸರ್ಕಾರದವರು ತಳ ನೋಡಿಸಿ, ಚಿಪ್ಪು ಬಲಿತಿದೆ ಎಂದು ಹೇಳಿದರೆ ಮಾತ್ರ ಇಳಿಯಬೇಕು. ಅಪ್ಪ ಮೀಸೆ ಚಿಗುರುವ ವಯಸ್ಸಿನಲ್ಲಿ ಒಮ್ಮೆ ಇಳಿದಿದ್ದನಂತೆ. ಆಮೇಲೆ ನಾನು ಹುಟ್ಟಿ ಬೆಳೆಯುವವರೆಗೂ ಚಿಪ್ಪು ಬಲಿಯಲೇ ಇಲ್ಲ, ಬರೀ ಶಂಖ. ಆದರೂ ಊರಿನ ಹೆಂಗಸರು ಬಾವಿಕಟ್ಟೆಯಲ್ಲಿ ಸಿಕ್ಕಾಗಲೆಲ್ಲ ಅಜ್ಜಿಯನ್ನು, ನಿಮ್ಮ ಅಳಿಯ ಮುತ್ತು ತೆಗೆಯುವವರಂತೆ, ಮಗಳ ಕೊರಳಲ್ಲಿ ಒಂದು ಎಳೆಯೂ ಇಲ್ಲವಲ್ಲ ಎಂದು ಕೇಳುತ್ತಿದ್ದರು. ಅಜ್ಜಿ ಸಿಟ್ಟಿನಿಂದ ಅರ್ಧ ಕೊಡವೇ ಹೊತ್ತುಕೊಂಡು ಬಂದುಬಿಡುತ್ತಿದ್ದಳು.

ಇಂಥ ಅಳಿಯ ನಮ್ಮ ಮನೆಗೆ ಬಂದದ್ದು ತಾತ ಕೊಟ್ಟ ಮಾತಿನಿಂದ. ತಾತ ರಾಮೇಶ್ವರ ಯಾತ್ರೆಗೆ ಹೋದಾಗ ದಾರಿಯಲ್ಲಿ ವಾಂತಿಭೇದಿ ಹತ್ತಿತು. ಜೊತೆಗಿದ್ದವರು ಹೆದರಿ ಮುಂದೆ ಹೋಗಿಬಿಟ್ಟರು. ಕಡಲ ದಂಡೆಯ ಒಂದು ಗರಿಯ ಗುಡಿಸಲಿನಲ್ಲಿ ಒಬ್ಬ ಹೆಂಗಸು ಗಂಜಿ ತಿಳಿ ಕುಡಿಸಿ, ಬಟ್ಟೆ ಒಗೆದು, ಅವನನ್ನು ಉಳಿಸಿಕೊಂಡಳು. ನಮ್ಮ ಹಿರಿಯರು ಎಂದೋ ತಮಿಳು ಸೀಮೆಯಿಂದ ಬಂದು ಇಲ್ಲಿ ಹೂವು ತರಕಾರಿ ಬೆಳೆದುಕೊಂಡು ನಿಂತವರಾದ್ದರಿಂದ ತಾತನಿಗೆ ಮುರುಕು ತಮಿಳು ಬರುತ್ತಿತ್ತು. ಆ ತಾಯಿಗೆ ಮದುವೆಯಾಗದ ಮಗನೊಬ್ಬ ಇದ್ದಾನೆಂದು ತಿಳಿದು, ನನ್ನ ಮಗಳನ್ನು ನಿನ್ನ ಮನೆಗೆ ಕೊಡುತ್ತೇನೆ ಎಂದು ಅಲ್ಲೇ ಕೈ ಮೇಲೆ ಕೈ ಹಾಕಿ ಬಂದ. ಮಾತು ನಡೆಸಿ, ಎರಡು ವರ್ಷ ಕಳೆಯುವುದರೊಳಗೆ ತೀರಿಕೊಂಡ. ಅಜ್ಜಿಗೆ ಆ ಸಿಟ್ಟು ಹೋಗಲಿಲ್ಲ.

"ಭೇದಿ ನಿಂತಿದ್ದಕ್ಕೆ ಮಗಳನ್ನ ಕೊಟ್ಟು ಬಂದ. ಜ್ವರ ಬಿಟ್ಟಿದ್ದಿದ್ರೆ ತೋಟಾನೂ ಕೊಟ್ಟು ಬತ್ತಿದ್ದ," ಎನ್ನುತ್ತಿದ್ದಳು.

ಅಮ್ಮ ಆ ಕಡಲೂರಿಗೆ ಹೋಗಿ ಸಂಸಾರ ಮಾಡಿದಳು. ಅಲ್ಲಿ ಅವಳಿಗೆ ಒಂದು ಗಂಡು ಮಗುವಾಯಿತು, ನನ್ನ ಅಣ್ಣ. ಹೆಜ್ಜೆ ಇಡುವ ವಯಸ್ಸಿಗೆ ಜ್ವರ ಬಂದು ತೀರಿಹೋಯಿತು. ಸುದ್ದಿ ನಮ್ಮೂರಿಗೆ ತಲುಪಿದಾಗ ಮಣ್ಣು ಮಾಡಿ ಎಷ್ಟೋ ದಿನವಾಗಿತ್ತು. ನಾನು ಹೊಟ್ಟೆಯಲ್ಲಿದ್ದಾಗ ತವರಿಗೆ ಬಂದ ಅಮ್ಮ, ಇನ್ನು ಆ ಮರಳು ತುಳಿಯುವುದಿಲ್ಲ ಎಂದುಬಿಟ್ಟಳು. ಅಪ್ಪ ಬಲವಂತ ಮಾಡಲಿಲ್ಲ. ಅಂದಿನಿಂದ ಅವನು ಕಡಲು ಕದಡುವ ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದು ತೋಟದಲ್ಲಿ ದುಡಿದು, ಕಡಲು ತಿಳಿಯಾಗುವ ಹೊತ್ತಿಗೆ ಹೋಗಿ, ಯುಗಾದಿ ಕಳೆದ ಮೇಲೆ ಮತ್ತೆ ಬರುತ್ತಿದ್ದ. ನನ್ನ ಬಾಲ್ಯದ ಅಪ್ಪ ಎಂದರೆ ಅರ್ಧ ವರ್ಷದ ಅಪ್ಪ.

ನಮ್ಮದು ಮಣ್ಣುಗೋಡೆಯ, ನಾಡಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಒಂದು ಪಕ್ಕಕ್ಕೆ ದನಗಳು, ಇನ್ನೊಂದು ಪಕ್ಕಕ್ಕೆ ಅಡುಗೆಮನೆ. ಅಪ್ಪ ಒಳಗೆ ಮಲಗುತ್ತಿರಲಿಲ್ಲ. ಗೋಡೆಗಳ ನಡುವೆ ಕಿವಿ ಗುಯ್ಯೆನ್ನುತ್ತದೆ ಎಂದು ಜಗಲಿಯಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದ. ಆಳದ ನೀರು ಅವನ ಕಿವಿಗಳನ್ನು ಹಾಳು ಮಾಡಿತ್ತು. ಒಂದು ಪೂರಾ ಮಂದ, ಇನ್ನೊಂದರಿಂದ ಆಗಾಗ ರಕ್ತ ಜಿನುಗುತ್ತಿತ್ತು. ಅಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಬತ್ತಿಯಲ್ಲಿ ಬಿಡುವಾಗ ಅವನು ಮಗುವಿನ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮಳೆಗಾಲಗಳಲ್ಲಿ ನಮ್ಮ ಕನ್ನಡ ಕಲಿತಿದ್ದ, ಆದರೆ ಕಿವಿ ಕೇಳದ್ದರಿಂದ ಅವನ ಮಾತೆಲ್ಲ ಕೂಗು. ಉಪ್ಪು ಬೇಕು ಎಂದರೂ ಜಗಳದ ಹಾಗೆ ಕೇಳಿಸುತ್ತಿತ್ತು. ಮುದ್ದೆಯನ್ನು ನುಂಗದೆ ಅಗಿಯುತ್ತಿದ್ದ. ಅಜ್ಜಿ ಅದನ್ನು ನೋಡಲಾರದೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಅವನು ಊರಿನಿಂದ ತರುತ್ತಿದ್ದ ಒಣಮೀನಿಗೆ ಅಡುಗೆಮನೆಯ ಹೊಸ್ತಿಲು ದಾಟಲು ಅಪ್ಪಣೆಯಿರಲಿಲ್ಲ. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಅಮ್ಮ ಅದನ್ನು ಸುಡುತ್ತಿದ್ದಳು. ವಾಸನೆ ಹಿಡಿದು ಕೇರಿಯ ಬೆಕ್ಕುಗಳೆಲ್ಲ ನಮ್ಮ ಬೇಲಿಯ ಮೇಲೆ ಸಾಲಾಗುತ್ತಿದ್ದವು.

ಮಧ್ಯಾಹ್ನ ಬಾವಿಯಿಂದ ನೀರೆತ್ತುವ ಕಪಿಲೆ ಎಳೆದ ಎತ್ತುಗಳನ್ನು ಬಿಚ್ಚಿ ಬಾವಿಕಟ್ಟೆಯ ಮೇಲೆ ಕೂತಾಗ ಅಪ್ಪ ನನಗೆ ಕಡಲಿನ ತಳವನ್ನು ಹೇಳುತ್ತಿದ್ದ. ಅಲ್ಲಿ ಹುಲ್ಲುಗಾವಲು ಇದೆಯಂತೆ, ನೀರಿನ ಕೆಳಗೆ ಹಸಿರಾಗಿ ಓಲಾಡುತ್ತದಂತೆ. ಅದನ್ನು ಮೇಯಲು ಕಡಲ ಹಸು ಬರುತ್ತದಂತೆ.

"ಕೊಂಬಿಲ್ಲ, ಕಾಲಿಲ್ಲ. ಆದ್ರೆ ಹಸೂನೇ ಲಚ್ಚೀ. ಮರೀನ ರೆಕ್ಕೆ ಕೆಳಗೆ ಅಪ್ಕೊಂಡು ಹಾಲು ಕೊಡ್ತದೆ. ಉಸಿರಿಗೆ ಮೇಲೆ ಬಂದ್ರೆ ಮರೀನೂ ಎತ್ಕೊಂಡೇ ಬರ್ತದೆ," ಎನ್ನುತ್ತಿದ್ದ.

ಒರಳುಕಲ್ಲಿನಷ್ಟು ದಪ್ಪದ ಆಮೆಗಳು, ಬಂಡೆಗೆ ಬಾಯಿ ಹಚ್ಚಿ ಕಟಕಟ ಕಡಿಯುವ ಗಿಳಿಬಣ್ಣದ ಮೀನುಗಳು, ಹಿಟ್ಟಿನ ಗಂಜಿ ಕೆನೆಗಟ್ಟಿದಂತೆ ತೇಲಿ ಬಂದು ಮೈ ಸುಡುವ ಸೊರಿ ಎಂಬ ಲೋಳೆಮೀನು, ಮೊರದ ಹಾಗೆ ಚಪ್ಪಟೆಯಾಗಿ ಮರಳಿನಲ್ಲಿ ಹೂತುಕೊಂಡು ಮಲಗುವ, ಬಾಲದಲ್ಲಿ ವಿಷದ ಮುಳ್ಳಿರುವ ತಿರುಕ್ಕೈ ಮೀನು, ಎಲ್ಲವೂ ನನಗೆ ಅವನ ಬಾಯಿಂದಲೇ ಗೊತ್ತು. ಈಗ ಎಲ್ಲರೂ ಶಾರ್ಕ್ ಎನ್ನುವ ಮೀನನ್ನು ಅಪ್ಪ ಸುರಾ ಎನ್ನುತ್ತಿದ್ದ. ಅದರ ಬಾಯಿ ಕಟ್ಟಲು ದಂಡೆಯಲ್ಲಿ ಒಬ್ಬ ಮುದುಕ ಮಂತ್ರ ಹಾಕುತ್ತ ಕೂರುತ್ತಾನೆ, ಅವನು ಕೂತರೆ ಮಾತ್ರ ದೋಣಿ ಹೊರಡುತ್ತದೆ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಅಮ್ಮ ಅಲ್ಲೇ ಹೂವು ಕಟ್ಟುತ್ತ ಕೇಳುತ್ತಿದ್ದಳು. ಹಸುವೂ ಆಮೆಯೂ ಅವಳ ಕಿವಿಗೆ ಬೀಳುತ್ತಿರಲಿಲ್ಲವೆಂದು ಕಾಣುತ್ತದೆ. ಮುಳ್ಳು, ವಿಷ, ಹಲ್ಲು ಎಂಬ ಮಾತು ಬಂದಾಗ ಅವಳ ಬೆರಳು ನಿಂತುಬಿಡುತ್ತಿತ್ತು.

ಯುದ್ಧದ ಕಾಲ ಅದು. ಅಕ್ಕಿ, ಸೀಮೆಎಣ್ಣೆ ಎರಡೂ ಸಿಕ್ಕುತ್ತಿರಲಿಲ್ಲ. ನನಗೆ ಎಂಟೋ ಒಂಬತ್ತೋ ವಯಸ್ಸು. ಆ ವರ್ಷ ದೀಪಾವಳಿಯ ಮುಂಚಿನ ಒಂದು ಮಧ್ಯಾಹ್ನ ಎಲ್ಲರೂ ಉಣ್ಣುತ್ತಿದ್ದೆವು. ಅಪ್ಪನ ಎದುರಿಗೆ ಅಮ್ಮನ ತಮ್ಮ ಮುನಿಶಾಮಿ ಮಾವ ಕೂತಿದ್ದ. ತಾತ ಹೋದ ಮೇಲೆ ತೋಟವೆಲ್ಲ ಅವನ ಮೇಲೆಯೇ. ಇಪ್ಪತ್ತು ದಾಟಿತ್ತು, ಮದುವೆಯ ಮಾತು ನಡೆದಿತ್ತು. ಅವನೂ ಅಪ್ಪನೂ ಒಂದೇ ಬಾವಿಯಲ್ಲಿ ಕಪಿಲೆ ಹೊಡೆಯುತ್ತಿದ್ದರು, ಬೇಕಾದ ಮಾತು ಮಾತ್ರ ಆಡುತ್ತಿದ್ದರು.

"ಈ ಸಲ ಹಗ್ಗಕ್ಕೆ ಆಳಿಲ್ಲ," ಎಂದ ಅಪ್ಪ. "ನಮ್ಮ ಚಿಕ್ಕಪ್ಪನ ಮಗ ಯುದ್ಧಕ್ಕೆ ಅಂತ ಪಟಾಲಮ್ಮಿಗೆ ಸೇರ್ಕೊಂಡ್ಬಿಟ್ಟ. ಮುನಿಶಾಮಿ ಬಂದ್ರೆ ಆಯ್ತದೆ."

ಹಗ್ಗದ ವಿಷಯ ನಮಗೆಲ್ಲ ಗೊತ್ತಿತ್ತು. ಮುಳುಗುವವನು ಕಲ್ಲಿನ ಭಾರದಲ್ಲಿ ತಳಕ್ಕೆ ಇಳಿಯುತ್ತಾನೆ. ಅವನ ಸೊಂಟಕ್ಕೆ ಒಂದು ಹಗ್ಗ. ಅದರ ಇನ್ನೊಂದು ತುದಿ ದೋಣಿಯಲ್ಲಿರುವವನ ಕೈಯಲ್ಲಿ. ಉಸಿರು ತೀರುವ ಮೊದಲು ಕೆಳಗಿನವನು ಹಗ್ಗವನ್ನು ಜಗ್ಗುತ್ತಾನೆ, ಮೇಲಿನವನು ಎಳೆಯುತ್ತಾನೆ. ಜಗ್ಗಿದ್ದು ತಿಳಿಯದೆ ಹೋದರೆ, ಎಳೆಯುವುದು ತಡವಾದರೆ, ಮುಗಿಯಿತು. ಅಪ್ಪನ ಊರಿನಲ್ಲಿ ಆ ಹಗ್ಗವನ್ನು ಹಿಡಿಯಬೇಕಾದವನು ಹೆಂಡತಿಯ ತಮ್ಮನೋ ಅಣ್ಣನೋ. ಒಡಹುಟ್ಟಿದವನಿಗೆ ಪಾಲಿನ ಆಸೆ ಇರಬಹುದು, ಗೆಳೆಯನಿಗೆ ಗಮನ ತಪ್ಪಬಹುದು, ಹೆಂಡತಿಯ ತಮ್ಮನಾದರೆ ಅಕ್ಕನ ತಾಳಿಗೋಸ್ಕರವಾದರೂ ಕೈ ಬಿಡುವುದಿಲ್ಲ ಎಂಬುದು ಅವರ ನಂಬಿಕೆ. ಮಾವ ಸಮುದ್ರ ನೋಡಿದವನಲ್ಲ, ಅಪ್ಪನೂ ಅಷ್ಟು ವರ್ಷ ಅವನನ್ನು ಕರೆಯದೆ ಚಿಕ್ಕಪ್ಪನ ಮಗನ ಕೈಗೇ ಹಗ್ಗ ಕೊಡುತ್ತಿದ್ದ.

ಮಾವ ತಟ್ಟೆಯಿಂದ ತಲೆ ಎತ್ತದೆ ಹೇಳಿದ:

"ನಾನು ಹಿಡಿದ್ರೆ ಬಿಟ್ಬಿಡ್ತೀನಿ ಭಾವ. ಈಗ್ಲೇ ಹೇಳಿದೀನಿ. ಅಕ್ಕನ ಮಗ ಸತ್ತಾಗ ಒಂದು ಮಾತು ಹೇಳಿಕಳಿಸ್ದೆ ಮಣ್ಣು ಮಾಡ್ದೋರು ನೀವು. ಮಗೂನ ಮುಖ ಕೂಡ ತೋರಿಸ್ಲಿಲ್ಲ ನಮ್ಗೆ. ನೀವೂ ಅಲ್ಲೇ ಇರಿ ತಳದಾಗೆ."

ಅಪ್ಪನ ಕಿವಿಗೆ ಅದು ಎಷ್ಟು ಬಿತ್ತೋ ಗೊತ್ತಿಲ್ಲ. ಆದರೆ ಮಾವನ ಮುಖ ನೋಡಿದರೆ ಕಿವುಡನಿಗೂ ತಿಳಿಯುವಂತಿತ್ತು. ಅಜ್ಜಿ ಉಪ್ಪಿನ ಮರಿಗೆಯನ್ನು ಹಿಡಿದುಕೊಂಡು ಹಾಗೇ ಕೂತಳು. ಅಮ್ಮ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು. ಅಪ್ಪ ಉಳಿದ ತುತ್ತನ್ನು ಅಗಿದು, ಎದ್ದು, ಕೈ ತೊಳೆದು ತೋಟಕ್ಕೆ ಹೋದ. ಅಂದು ಸಂಜೆ ಅವನು ಬದನೆ ಪಾತಿಗೆ ನೀರು ತಿರುಗಿಸುವುದನ್ನೇ ಮರೆತು ಕಟ್ಟೆಯ ಮೇಲೆ ಕೂತಿದ್ದನ್ನು ನೋಡಿ ನನಗೆ ಭಯವಾಯಿತು. ಮನೆಯಲ್ಲಿ ಯಾರಿಗೋ ಕಾಯಿಲೆ ಬಂದರೆ ಹೇಗೋ ಹಾಗೆ ಎಲ್ಲರೂ ಮೆಲ್ಲಗೆ ಓಡಾಡುತ್ತಿದ್ದರು.

ಎರಡು ದಿನ ಬಿಟ್ಟು ಅಮ್ಮ ಕನಕಾಂಬರ ಬಿಡಿಸುವಾಗ, ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಮಾವನನ್ನು ಕೇಳಿದಳು. ಬುಟ್ಟಿ ಹಿಡಿದು ನಾನು ಅವಳ ಹಿಂದೆಯೇ ಇದ್ದೆ.

"ಹೋಗ್ತೀಯಾ?"

"ನಾನಂದಿದ್ದು ಕೇಳಿಸ್ಕೊಳ್ಲಿಲ್ವಾ ಅಕ್ಕ?"

"ಕೇಳಿಸ್ಕೊಂಡೆ. ಹೋಗ್ತೀಯಾ ಅಂತ ಕೇಳ್ದೆ."

"ಅವ್ವ ಬಿಡಾಕಿಲ್ಲ."

"ಅವ್ವನ್ನ ನಾನು ನೋಡ್ಕೋತೀನಿ. ನೀನು ಹೋಗು ಬಿಡು, ಅವ್ರಂತೂ ಹೋಗೇ ಹೋಗ್ತಾರೆ. ಯಾವನೋ ಕುಡುಕನ ಕೈಗೆ ಹಗ್ಗ ಕೊಟ್ಟು ಇಳೀತಾರೆ. ಏನಾದ್ರೂ ಆದ್ರೆ ಆಮೇಲೆ ನಾನು ಯಾರನ್ನ ಕೇಳ್ಲಿ? ನಿನ್ನನ್ನಾದ್ರೆ ಕೇಳ್ಬೋದು."

ಮಾವ ಕಿತ್ತ ಕಳೆಯನ್ನು ಬದುವಿಗೆ ಎಸೆದ. ಆ ಸಾಲು ಮುಗಿಸಿ ಮುಂದಿನ ಸಾಲಿಗೆ ಹೋದ. ಆದರೆ ಅಪ್ಪ ಹೊರಟ ಬೆಳಗ್ಗೆ ಅವನೂ ಒಂದು ಗಂಟು ಕಟ್ಟಿಕೊಂಡು ಜಗಲಿಯಿಂದ ಇಳಿದ. ಅಜ್ಜಿ ಹೊರಗೆ ಬರಲಿಲ್ಲ. ಒಳಗೆ ರಾಗಿಕಲ್ಲು ಬೀಸುವ ಸದ್ದು ಮಾತ್ರ ಕೇಳುತ್ತಿತ್ತು. ಹೊಸಕೋಟೆಯಲ್ಲಿ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿ, ಬೆಂಗಳೂರಿನಲ್ಲಿ ರೈಲು ಹಿಡಿಯಬೇಕು. ಇಬ್ಬರೂ ಕೆರೆ ಏರಿಯ ಮೇಲೆ ಒಬ್ಬರ ಹಿಂದೆ ಒಬ್ಬರು, ನಡುವೆ ಒಂದು ಗಾಡಿ ಹೋಗುವಷ್ಟು ಜಾಗ ಬಿಟ್ಟುಕೊಂಡು ನಡೆದರು.

ಹಿಂದಿನ ವರ್ಷಗಳಲ್ಲಿ ಹೆಚ್ಚಾಗಿ ಹೆದರುತ್ತಿದ್ದವಳು ಅಮ್ಮ. ಈಗ ಅಜ್ಜಿಗೂ ಅಷ್ಟೇ ಭಯ. ಇಬ್ಬರೂ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ ಎಂದುಕೊಂಡಿದ್ದೆ, ಹಾಗಾಗಲಿಲ್ಲ. ಅಮ್ಮನ ಗಂಡ ನೀರೊಳಗೆ, ಅಜ್ಜಿಯ ಮಗ ನೀರ ಮೇಲೆ. ಒಂದೇ ಒಲೆಯ ಎರಡು ಕಡೆ ಕೂತು ಅವರು ಬೇರೆ ಬೇರೆ ಭಯ ಪಡುತ್ತಿದ್ದರು.

"ನನ್ನ ಮಗನ ಬಾಯಲ್ಲಿ ಅಂಥ ಮಾತು ಬಂದ್ಮೇಲೆ ಹೆಂಗೆ ಕಳಿಸ್ದೆ ವೆಂಕಟೀ? ಅಳೀಮಯ್ಯಂಗೆ ಏನಾದ್ರೂ ಆದ್ರೆ ಜನ ಏನಂತಾರೆ? ತಾನಾಗೇ ಆಗಿದ್ರೂ ಇವನೇ ಬಿಟ್ಟ ಅಂತಾರೆ," ಎಂದು ಅಜ್ಜಿ ಒಂದು ದಿನ ಕೂಗಾಡಿದಳು.

"ಮಾಡೋನಾಗಿದ್ರೆ ಊಟಕ್ಕೆ ಕೂತು ಎಲ್ರ ಮುಂದೆ ಅಂತಿದ್ನೇನವ್ವ?" ಎಂದಳು ಅಮ್ಮ.

ಹಾಗೆಂದವಳು ತನ್ನ ಮಾತನ್ನು ತಾನೇ ಎಷ್ಟು ನಂಬಿದ್ದಳೋ. ಹಾಲು ಉಕ್ಕಿ ಚೆಲ್ಲಿದರೂ ನೋಡುತ್ತ ನಿಂತಿರುತ್ತಿದ್ದಳು. ಬಳೆಗಳು ಮೊಣಕೈವರೆಗೆ ಜಾರುವಷ್ಟು ಬಡವಾದಳು. ಕಪಿಲೆಗೆ ಕೂಲಿಯ ಆಳು ಬರುತ್ತಿದ್ದ. ಮಿಣಿಹಗ್ಗ ರಾಟೆಯ ಮೇಲೆ ಕಿರುಗುಟ್ಟಿದಾಗಲೆಲ್ಲ ಅಮ್ಮ ತಿರುಗಿ ನೋಡುತ್ತಿದ್ದಳು. ಬೆಂಗಳೂರಿನ ಮಾರ್ಕೆಟ್ಟಿಗೆ ಹೂವು ಒಯ್ಯುತ್ತಿದ್ದ ಪಕ್ಕದ ಮನೆಯ ಪಿಳ್ಳಪ್ಪ ದಿನಕ್ಕೊಂದು ಸುದ್ದಿ ತರುತ್ತಿದ್ದ. ಸಿಂಹಳದ ಕಡೆ ಹಡಗು ಮುಳುಗಿಸಿದರಂತೆ, ಆ ಸಮುದ್ರದಲ್ಲಿ ದೋಣಿ ಬಿಡಬಾರದೆಂದು ಹುಕುಮಾಗಿದೆಯಂತೆ, ನೀರೊಳಗೆ ಸಿಡಿಮದ್ದು ಬಿಟ್ಟಿದ್ದಾರಂತೆ. ನಮ್ಮ ಊರಿನ ಮೇಲೆ ವಿಮಾನ ಹಾರಿದರೆ ಹುಡುಗರೆಲ್ಲ ಕುಣಿಯುತ್ತಿದ್ದರು. ಅಮ್ಮ ಮಾತ್ರ ಅದು ಯಾವ ದಿಕ್ಕಿಗೆ ಹೋಯಿತೆಂದು ನೋಡುತ್ತಿದ್ದಳು. ತೆಂಕಲಿಗೆ ಹೋದರೆ ಅಂದು ಊಟವಿಲ್ಲ.

ನನಗೂ ಒಂದು ಹುಚ್ಚು ಹಿಡಿಯಿತು. ಅಪ್ಪ ಎಷ್ಟು ಹೊತ್ತು ಉಸಿರಿಲ್ಲದೆ ಇರುತ್ತಾನೆಂದು ತಿಳಿಯಬೇಕಿತ್ತು. ಒಂದು ದಿನ ದನಕ್ಕೆ ನೀರು ತುಂಬಿಡುವ ಕಲ್ಲುತೊಟ್ಟಿಯಲ್ಲಿ ಮುಖ ಅದ್ದಿಕೊಂಡು ನಿಂತೆ. ಮೊದಲು ತಣ್ಣಗೆ ಹಿತವಾಗಿತ್ತು, ಆಮೇಲೆ ಎದೆ ಡಬಡಬ ಹೊಡೆದುಕೊಂಡಿತು, ಕಿವಿಯಲ್ಲಿ ಏನೋ ಕೂಗಿತು. ಇನ್ನೂ ಸ್ವಲ್ಪ, ಅಪ್ಪ ಇದಕ್ಕಿಂತ ಹೆಚ್ಚು ಹೊತ್ತು ಇರುತ್ತಾನೆ ಎಂದು ಹಲ್ಲು ಕಚ್ಚಿದೆ. ಯಾರೋ ಜಡೆ ಹಿಡಿದು ಎಳೆದರು. ಅಮ್ಮ ನನ್ನ ಕೆನ್ನೆಗೆ ಬಾರಿಸಿದಳು. ಮತ್ತೆ ಬಾರಿಸಿದಳು. ಆಮೇಲೆ ನನ್ನ ಒದ್ದೆ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ತೊಟ್ಟಿಯ ಪಕ್ಕದ ಕೆಸರಿನಲ್ಲೇ ಕುಸಿದು ಕೂತು ಅತ್ತಳು. ಅವಳ ಆ ಅಳು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದ ಅಜ್ಜಿ ಒಳಗೆ ಹೋಗಿ, ಒಣಸೀರೆ ತಂದು ಇಬ್ಬರ ಮೇಲೂ ಹೊದಿಸಿದಳು. ಆ ರಾತ್ರಿ ಮೂವರೂ ಒಂದೇ ಚಾಪೆಯ ಮೇಲೆ ಮಲಗಿದೆವು.

ಶಿವರಾತ್ರಿ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅಂಗಳದಲ್ಲಿ ಹುರುಳಿ ಹರವುತ್ತಿದ್ದಾಗ ಕೆರೆ ಏರಿಯ ಮೇಲೆ ಒಂದು ಬಾಡಿಗೆ ಗಾಡಿ ಬರುವುದು ಕಂಡಿತು. ಎತ್ತುಗಳ ಪಕ್ಕದಲ್ಲಿ ನಡೆದು ಬರುತ್ತಿದ್ದವನು ಮುನಿಶಾಮಿ ಮಾವ. ಅವನ ಎರಡೂ ಕೈಗಳಿಗೆ ಬಟ್ಟೆ ಸುತ್ತಿತ್ತು. ಗಾಡಿಯೊಳಗೆ ಹುಲ್ಲಿನ ಮೇಲೆ ಯಾರೋ ಮಲಗಿದ್ದರು, ಮೇಲೆ ಕಂಬಳಿ ಹೊದಿಸಿತ್ತು. ಯುಗಾದಿಗೆ ಬರಬೇಕಾದವರು ಇಷ್ಟು ಬೇಗ. ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಮ್ಮ ಓಡಲಿಲ್ಲ. ಮೊರ ಕೆಳಗಿಟ್ಟು ಒಳಗೆ ಹೋಗಿ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು.

"ನಂಗಾಗಲ್ಲ. ನೀನು ಹೋಗಿ ನೋಡು ಲಚ್ಚಿ," ಎಂದಳು.

ನಾನು ಹೋದೆ. ಬರಿಗಾಲಿಗೆ ಹುರುಳಿ ಚುಚ್ಚಿದ್ದು ಇಂದಿಗೂ ನೆನಪಿದೆ. ಗಾಡಿಯ ಹಿಂಬದಿಗೆ ನೇತುಬಿದ್ದು ಇಣುಕಿದೆ. ಅಪ್ಪನ ಗಡ್ಡ ಬೆಳೆದಿತ್ತು, ಕಣ್ಣು ಒಳಕ್ಕೆ ಹೋಗಿತ್ತು, ಒಂದು ಕಾಲು ಬಾಳೆದಿಂಡಿನ ಹಾಗೆ ಊದಿಕೊಂಡಿತ್ತು. ನನ್ನನ್ನು ನೋಡಿ ಅವನು ಎಂದಿನಂತೆ ಕೂಗಿದ:

"ಏನು ನಿಂತ್ಕೊಂಡೆ? ಒಂದು ಚೊಂಬು ನೀರು ತಾ!"

ನಾನು ಒಳಗೆ ಓಡಿ, "ಅಪ್ಪ ನೀರು ಕೇಳ್ತಾ ಅವ್ನೆ, ನೀರು ಕೇಳ್ತಾ ಅವ್ನೆ," ಎಂದು ಕಿರುಚಿದೆ. ಅಮ್ಮ ಎದ್ದಳು. ಬಿಂದಿಗೆಯನ್ನೇ ಎತ್ತಿಕೊಂಡು ಹೊರಗೆ ಬಂದಳು.

ಅಲ್ಲಿಯವರೆಗೆ ಅಳಿಯನ ಎದುರಿಗೆ ನಿಂತು ಮಾತಾಡದ ಅಜ್ಜಿ ಆ ದಿನ ಅವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೇವಿನೆಲೆ ಕುದಿಸಿದ ನೀರಿನಿಂದ ಗಾಯ ತೊಳೆದು ಅರಿಸಿನ ತುಂಬಿದಳು. ಅಮ್ಮ ಮಾವನ ಕೈಗಳ ಬಟ್ಟೆ ಬಿಚ್ಚಿದಳು. ಅಂಗೈಗಳ ಚರ್ಮ ಇರಲಿಲ್ಲ. ಕೆಂಪಗೆ, ಅಲ್ಲಲ್ಲಿ ಕಪ್ಪು ಕಟ್ಟಿಕೊಂಡು, ಬೆರಳುಗಳು ಮಡಿಸಲಾಗದಂತೆ ಇದ್ದವು. ಅಮ್ಮ ಬೆಣ್ಣೆ ಹಚ್ಚುತ್ತ ಅವನ ಮುಖವನ್ನೇ ನೋಡಿದಳು. ಕೇಳಬಹುದು ಎಂದು ಕಳಿಸಿದ್ದವಳು ಈಗ ಕೇಳಲಾರದೆ ಹೋದಳು. ನಡೆದದ್ದನ್ನು ಹೇಳಿದವನು ಅಪ್ಪ, ಅದೂ ಬೈಯುತ್ತ.

"ಇವನನ್ನ ಕಟ್ಕೊಂಡು ಯಾವನಾದ್ರೂ ಶಂಖ ತೆಗೀತಾನಾ? ತಳ ಮುಟ್ಟಿ ಕೈ ಆಡಿಸೋಷ್ಟರಲ್ಲಿ ಎಳ್ದೇಬಿಡ್ತಾನೆ! ನಾನು ಜಗ್ಗಿಲ್ಲ ಮಾಡಿಲ್ಲ, ಸುಮ್ನೆ ಎಳ್ದುಬಿಡ್ತಾನೆ. ಬರಿಗೈಲಿ ಮೇಲೆ ಬಂದು ನಿಂತ್ರೆ ಸುತ್ತ ದೋಣಿಯೋರೆಲ್ಲ ನಗ್ತಾರೆ. ಬೈದೆ, ಹೊಡೆಯೋಕೂ ಹೋದೆ. ಕೇಳಲ್ಲ."

ಆ ಕೊನೆಯ ದಿನ ಅಪ್ಪ ದೋಣಿಯಲ್ಲೇ ಹೇಳಿದ್ದನಂತೆ: ಇವತ್ತು ನಾನು ಜಗ್ಗುವ ಮೊದಲು ಎಳೆದರೆ ನಾಳೆಯಿಂದ ಬೇರೆ ದೋಣಿ, ನಿನ್ನ ದಾರಿ ನಿನಗೆ. ಮಾವ ತಲೆಯಾಡಿಸಿದ್ದ. ಅಪ್ಪ ಇಳಿದ. ಮರಳಿನಲ್ಲಿ ಅರ್ಧ ಹುದುಗಿದ್ದ ಒಂದು ದೊಡ್ಡ ಶಂಖ ಕಂಡು ಅದರತ್ತ ಕಾಲೂರಿದಾಗ, ಪಕ್ಕದಲ್ಲೇ ಹೂತುಕೊಂಡಿದ್ದ ತಿರುಕ್ಕೈ ಬಾಲ ಬೀಸಿತು. ಮುಳ್ಳು ಮೀನಖಂಡದಲ್ಲಿ ಇಳಿಯಿತು. ಆ ನೋವು ಎಂಥದೆಂದರೆ ಬಾಯಿ ತಾನಾಗಿ ತೆರೆದುಕೊಂಡಿತಂತೆ. ಒಳಗಿದ್ದ ಉಸಿರೆಲ್ಲ ಹೋಯಿತು, ನೀರು ನುಗ್ಗಿತು. ಹಗ್ಗ ಜಗ್ಗಬೇಕೆಂದು ಗೊತ್ತಿತ್ತು, ಕೈ ಬರಲಿಲ್ಲ. ಮುಂದಿನದು ಅಪ್ಪನಿಗೆ ನೆನಪಿಲ್ಲ.

"ಆಮೇಲೆ?" ಎಂದು ಅಜ್ಜಿ ಮಗನ ಕಡೆ ತಿರುಗಿದಳು.

"ಆಮೇಲೇನು, ಎಳ್ದೆ," ಎಂದ ಮಾವ.

"ಅವರು ಬೇಡ ಅಂದಿದ್ರಲ್ಲೋ?"

"ಅಂದಿದ್ರು. ನಂಗೆ ಆಗ್ಲಿಲ್ಲವ್ವ. ಅವ್ರು ಕೆಳಗೆ ಹೋದೇಟ್ಗೆ ನೀರು ಮುಚ್ಕೊಂಡುಬಿಡ್ತದೆ. ಏನೂ ಇರಲ್ಲ ಅಲ್ಲಿ ಮ್ಯಾಲೆ. ಅಲ್ಲೊಬ್ಬ ಮನುಷ್ಯ ಅವ್ನೆ ಅಂತ ನಂಬಾಕೇ ಆಗಲ್ಲ. ನಂಗೆ ದಿನಾ ಹಂಗೇ ಆಗೋದು. ಅಕ್ಕನ ಮುಖ ಬಂದು ನಿಂತ್ಕಳದು."

ಆ ಸಲ ಹಗ್ಗ ಮೂಟೆಯಂತೆ ಭಾರವಾಗಿ ಬಂತಂತೆ. ಕೈ ಜಾರಿ ಹಗ್ಗ ಹಿಂದಕ್ಕೆ ಓಡಿತು. ಮಾವ ಅದನ್ನು ಮುಂಗೈಗೂ ಅಂಗೈಗೂ ಸುತ್ತಿಕೊಂಡು, ದೋಣಿಯ ಅಂಚಿಗೆ ಕಾಲು ಕೊಟ್ಟು ಮಲಗಿಬಿಟ್ಟ. ಉಳಿದವರು ಬಂದು ಕೈ ಹಾಕಿದರು. ಅಪ್ಪನನ್ನು ಮೇಲಕ್ಕೆ ಎತ್ತಿ ಮಗುಚಿ ಹಾಕಿ ನೀರು ಕಕ್ಕಿಸಿದ ಮೇಲೂ ಮಾವನ ಕೈಯಿಂದ ಹಗ್ಗ ಬಿಡಿಸುವುದು ಕಷ್ಟವಾಯಿತೆಂದು ಅಪ್ಪನೇ ಹೇಳಿದ. ಹೇಳಿ, ಮತ್ತೆ ಕೂಗಿದ:

"ಆದ್ರೂ ಬಾಕಿ ದಿನ ಎಳ್ದಿದ್ದು ತಪ್ಪೇ!"

ಅಜ್ಜಿ ನಕ್ಕುಬಿಟ್ಟಳು. ಅಪ್ಪನ ಮಾತಿಗೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗಾಯ ಒಣಗುವುದಕ್ಕೆ ಮಳೆಗಾಲದವರೆಗೂ ಹಿಡಿಯಿತು. ಅಪ್ಪ ಕೋಲು ಊರಿಕೊಂಡು ತೋಟದಲ್ಲಿ ಕುಂಟುತ್ತಿದ್ದ. ಕೈ ವಾಸಿಯಾದ ಮೇಲೆ ಒಂದು ದಿನ ಮಾವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಸೊಪ್ಪು ಸೋಸುತ್ತಿದ್ದ ಅಮ್ಮನಿಗೆ ಇನ್ನೊಂದು ವಿಷಯ ಹೇಳಿದ.

"ಅಕ್ಕ, ಭಾವ ದಿನಾ ದೋಣಿ ಹತ್ತೋಕ್ಮುಂಚೆ ಎಲ್ಲಿಗೋ ಹೋಗಿ ಬರೋರು. ಒಂದಿನ ಹಿಂದೆ ಹೋದೆ. ತಾಳೆಮರದ ಬುಡದಾಗೆ ಕೂತಿದ್ರು. ಸುತ್ತ ಒಡೆದ ಶಂಖ ಚುಚ್ಚವ್ರೆ, ಮರಳು ಹಾರಬಾರ್ದು ಅಂತ. ಮಗು ಮಲಗಿರೋದು ಅಲ್ಲೇ ಅಂತೆ."

ಅಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು.

"ದಿನಾ ಹೋಗಿ ಕೂರ್ತಾರೆ ಅಂತ ನಂಗೆ ಯಾವತ್ತೂ ಹೇಳಿಲ್ಲ ಅವ್ರು."

"ನಾನೂ ಕೇಳ್ದೆ, ಯಾಕೆ ನಮ್ಗೆ ಹೇಳಿಕಳಿಸ್ಲಿಲ್ಲ ಅಂತ. ಜ್ವರ ಬಂದು ಎರಡನೇ ದಿನಕ್ಕೆ ಹೋಯ್ತಂತೆ. ನೀನು ಎಚ್ಚರ ಇಲ್ದೆ ಬಿದ್ದಿದ್ಯಂತೆ, ನಿಂಗೂ ಜ್ವರ. ನೀನೂ ಅದನ್ನ ನಮ್ಗೆ ಬಾಯಿಬಿಟ್ಟು ಹೇಳ್ಲಿಲ್ಲ. ನಿನ್ನ ಬಿಟ್ಟು ಯಾರನ್ನ ಎಲ್ಲಿಗೆ ಕಳಿಸ್ಲಿ ಅಂದ್ರು."

ಅಮ್ಮ ಆ ದಿನ ಸೊಪ್ಪಿಗೆ ಎರಡು ಸಲ ಉಪ್ಪು ಹಾಕಿದಳು. ಎಲ್ಲರೂ ಅದನ್ನೇ ಉಂಡರು.

ಮತ್ತೆ ದೀಪಾವಳಿ ಬಂತು. ಮೂಡಲ ಗಾಳಿ ಬೀಸಿತು. ಅಪ್ಪ ಕಾಲು ಎಳೆಯುತ್ತಲೇ ಕೆರೆ ಏರಿಯವರೆಗೆ ನಡೆದು ಹೋಗಿ ಬರುತ್ತಿದ್ದ; ಹೊರಡಲು ಕಾಲು ಪಳಗಿಸುತ್ತಿದ್ದಾನೆಂದು ಅವನು ಹೇಳದಿದ್ದರೂ ಎಲ್ಲರಿಗೂ ಗೊತ್ತಾಗುತ್ತಿತ್ತು. ಮಾವನ ಮದುವೆ ಮಾಘದಲ್ಲಿ ಇಟ್ಟುಕೊಳ್ಳೋಣ ಎಂದು ಹೆಣ್ಣಿನ ಕಡೆಯವರು ಹೇಳಿ ಹೋಗಿದ್ದರು. ಅಜ್ಜಿ, ಮಾಘ ಬೇಡ, ಯುಗಾದಿ ಆದ ಮೇಲೆ ನೋಡೋಣ ಎಂದು ಹೇಳಿ ಕಳಿಸಿದಾಗಲೇ ಮಾವ ಮತ್ತೆ ಹೋಗುತ್ತಾನೆಂದು ನನಗೆ ತಿಳಿಯಿತು. ಆಗ ಅಮ್ಮ ಒಂದು ಬೆಳಗ್ಗೆ ಪೆಟ್ಟಿಗೆಯಿಂದ ತನ್ನ ಸೀರೆ, ನನ್ನ ಲಂಗ ಎಲ್ಲವನ್ನೂ ತೆಗೆದು ಗಂಟು ಕಟ್ಟತೊಡಗಿದಳು.

"ಏನಿದು?" ಎಂದಳು ಅಜ್ಜಿ.

"ನಾವೂ ಹೋಗ್ತೀವಿ."

"ಆ ಮರಳು ತುಳಿಯಲ್ಲ ಅಂದಿದ್ದೆ ನೀನು."

"ಅಂದಿದ್ದೆ. ಇಲ್ಲಿ ಕೂತು ಇನ್ನೊಂದು ವರ್ಷ ಕಾಯೋಕೆ ನನ್ನ ಕೈಲಾಗಲ್ಲ ಅವ್ವ. ಏನಾಗೋದಿದ್ರೂ ಕಣ್ಣೆದುರಿಗೆ ಆಗ್ಲಿ."

ಅಜ್ಜಿ ತನ್ನ ತಂಗಿಯ ಮಗನನ್ನೂ ಅವನ ಹೆಂಡತಿಯನ್ನೂ ತನ್ನ ಜೊತೆಗಿದ್ದು ತೋಟ ನೋಡಿಕೊಳ್ಳಲು ಕರೆಸಿಕೊಂಡಳು. ನಾವು ನಾಲ್ವರು ಹೊರಡುವಾಗ ರಾಗಿಹಿಟ್ಟಿನ ದೊಡ್ಡ ಮೂಟೆಯೊಂದನ್ನು ಗಾಡಿಗೆ ಹಾಕಿಸಿ, ಅಳಿಯನ ಮುಖ ನೋಡಿಯೇ ಹೇಳಿದಳು:

"ಮುದ್ದೆ ಅಗೀಬ್ಯಾಡಿ, ನುಂಗಿ. ಆಗ್ಲೇ ಮೈಗೆ ಶಕ್ತಿ."

ಎರಡು ರಾತ್ರಿ ರೈಲಿನಲ್ಲಿ ಕಳೆದು ನಾವು ಆ ಊರು ಸೇರಿದೆವು. ಅಮ್ಮ ಸಮುದ್ರದ ಕಡೆ ತಲೆ ಎತ್ತಿಯೂ ನೋಡದೆ ಮೊದಲು ತಾಳೆಮರಗಳ ಕಡೆಗೆ ನಡೆದಳು. ನಮಗೆ, ಹಿಂದೆ ಬರಬೇಡಿ ಎಂದಳು. ತುಂಬ ಹೊತ್ತಾದ ಮೇಲೆ, ಕಣ್ಣು ಕೆಂಪಾಗಿ, ಸೀರೆಯ ಅಂಚಿನ ತುಂಬ ಮರಳು ಮೆತ್ತಿಕೊಂಡು ಬಂದಳು. ಆಗ ನಾನು ಅವಳ ಕೈ ಹಿಡಿದುಕೊಂಡೇ ಸಮುದ್ರವನ್ನು ನೋಡಿದೆ. ಅಪ್ಪ ಹೇಳಿದ ಹಸುವಾಗಲಿ ಆಮೆಯಾಗಲಿ ಕಾಣಿಸಲಿಲ್ಲ. ಹೊಸಕೋಟೆ ಕೆರೆಗೆ ಆಚೆಯ ದಡವಿತ್ತು, ಇದಕ್ಕೆ ಇರಲಿಲ್ಲ. ಇಷ್ಟು ದೊಡ್ಡದರೊಳಗೆ ಒಬ್ಬ ಮನುಷ್ಯನನ್ನು ಒಂದು ಹಗ್ಗ ಹೇಗೆ ಹುಡುಕುತ್ತದೆ ಎಂದು ಅನ್ನಿಸಿತು.

ಮರುದಿನ ನಸುಕಿಗೆ ದಂಡೆಯ ಮುದುಕ ಮಂತ್ರಕ್ಕೆ ಕೂತ. ದೋಣಿಗಳು ಹೊರಟವು. ನೋಡುತ್ತಿದ್ದಂತೆ ಚಿಕ್ಕದಾಗಿ, ಬಿಳಿ ಚುಕ್ಕೆಗಳಾಗಿ, ಆಮೇಲೆ ಕಾಣದಾದವು. ಅಮ್ಮ ಮನೆಗೆ ಹೋಗಲಿಲ್ಲ. ಬಿಸಿಲು ಏರಿತು. ದಂಡೆಯ ಹೆಂಗಸರು ಕರೆದು ನೆರಳಿಗೆ ಬರಲು ಹೇಳಿದರೂ ಕದಲಲಿಲ್ಲ. ಮಧ್ಯಾಹ್ನ ಗಾಳಿ ತಿರುಗಿದ ಮೇಲೆ ಹಾಯಿಗಳು ಒಂದೊಂದಾಗಿ ಕಾಣಿಸಿದವು. ಮೊದಲು ಬಂದ ದೋಣಿಯಲ್ಲಿ ಅಪ್ಪ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಜನ ಇಳಿದು, ಶಂಖದ ರಾಶಿ ಹಾಕಿ, ನಮ್ಮ ಪಕ್ಕದಲ್ಲೇ ಹಾದು ಹೋದರು. ಅಮ್ಮ ನನ್ನ ಕೈಯನ್ನು ನೋಯುವಷ್ಟು ಒತ್ತಿ ಹಿಡಿದಿದ್ದಳು. ಆಮೇಲೆ ಇನ್ನೂ ದೂರದಲ್ಲಿದ್ದ ಒಂದು ದೋಣಿಯಿಂದ, ಅಲೆಗಳ ಸದ್ದನ್ನು ದಾಟಿ ಒಂದು ದನಿ ಕೇಳಿಸಿತು. ಮುಖ ಕಾಣುವಷ್ಟು ಹತ್ತಿರವಿರಲಿಲ್ಲ. ಏನು ಹೇಳುತ್ತಿದೆಯೆಂದು ಪೂರ್ತಿ ತಿಳಿಯುತ್ತಲೂ ಇರಲಿಲ್ಲ. ಆದರೆ ಕಿವಿ ಕೇಳದವನೊಬ್ಬ ಬಾಯಿ ತುಂಬ ಬೈಯುತ್ತಿದ್ದ. ನಡುನಡುವೆ ಇನ್ನೊಂದು ದನಿ ನಮ್ಮ ಹೊಸಕೋಟೆ ಸೀಮೆಯ ಕನ್ನಡದಲ್ಲಿ ಎದುರು ಕೂಗುತ್ತಿತ್ತು.

"ಎಳ್ದೆ! ಏನೀಗ? ನಾಳೇನೂ ಎಳೀತೀನಿ!"

ಅಮ್ಮ ನನ್ನ ಕೈ ಬಿಟ್ಟಳು. ಮರಳಿನ ಮೇಲೆ ಕೂತು ಎರಡೂ ಕಾಲು ಚಾಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಸೆರಗು ಮುಖಕ್ಕೆ ಅಡ್ಡವಿತ್ತು. ದೋಣಿ ದಂಡೆಗೆ ತಾಗುವವರೆಗೂ ಹಾಗೇ ಕೂತಿದ್ದು, ಆಮೇಲೆ ಎದ್ದು ಸೀರೆ ಕೊಡವಿಕೊಂಡಳು.

"ನಡಿಯೇ ಲಚ್ಚಿ," ಎಂದಳು. "ಎಸರಿಡೋಣ. ಇಬ್ರೂ ಹಸ್ಕೊಂಡು ಬತ್ತಾ ಅವ್ರೆ."